ಮಗ್ಗ ನಿಲ್ಲುವ ದಿನ

ಯಳಂದೂರು
16-4-1969, ಬುಧವಾರ, ಅಮಾವಾಸ್ಯೆ

ಕೊಳ್ಳೇಗಾಲದ ಮಗ್ಗದ ಮನೆಯ ಯಜಮಾನರಾದ ಚೌಡೇಶಯ್ಯನವರಿಗೆ, ಅವರ ಹೆಂಡತಿ ಎಂದು ಇನ್ನೂ ಕರೆಸಿಕೊಳ್ಳುತ್ತಿರುವ ಅನಸೂಯಮ್ಮ ಬರೆಸಿದ ಕಾಗದ.

ಇಲ್ಲಿ ನಾನು ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವುದು ಪದ್ಧತಿಯಾದ್ದರಿಂದ ವಿಚಾರಿಸಿದ್ದೇನೆಂದು ತಿಳಿದುಕೊಳ್ಳಿ. ಗಂಡನ ಹೆಸರು ಹಿಡಿದು ಬರೆಸಿದ್ದಾಳೆಂದು ನಿಮ್ಮ ಅಕ್ಕ ಪುಟ್ಟಗೌರಮ್ಮನವರು ಕೆನ್ನೆ ಬಡಿದುಕೊಳ್ಳಬಹುದು. ಮದುವೆಯಾಗಿ ಹತ್ತೊಂಬತ್ತು ವರ್ಷ ಈ ಹೆಸರನ್ನು ಬಾಯಲ್ಲಿ ಹೇಳದೆ ಜೋಪಾನ ಮಾಡಿದ್ದೆ. ಜೋಪಾನ ಮಾಡಿ ನನಗೆ ಸಿಕ್ಕಿದ್ದೇನು? ಇನ್ನು ಅಕ್ಷರ ಯಾರದೆಂದು ನೋಡಿ ಈಗಲೇ ಹಾರಾಡಬೇಡಿ. ಕಡೆಯವರೆಗೂ ಓದಿ, ಆಮೇಲೆ ಹಾರಾಡುವಿರಂತೆ.

ನಿಮ್ಮ ಕಾಗದ ನಿನ್ನೆ ಬಂತು. ಕವರಿನ ಹಿಂದೆ ‘ಎದುರುಮನೆ ರುದ್ರಸ್ವಾಮಿ ಮೇಷ್ಟ್ರ ಕೈಲಿ ಮಾತ್ರ ಓದಿಸು, ಬೇರೆ ಯಾರಿಗೂ ತೋರಿಸಬೇಡ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೀರಂತೆ. ನನಗೆ ಓದು ಬಾರದು. ಓದಲು ಬಾರದವಳಿಗೆ ಹಾಗೆ ಬರೆದರೆ ಅವಳಿಗೆ ತಿಳಿಯುವುದು ಹೇಗೆ ಎಂದು ಯೋಚಿಸಲಿಲ್ಲವೇ? ಮೇಷ್ಟ್ರು ಪರೀಕ್ಷೆಯ ಪೇಪರು ತಿದ್ದಲು ಮೈಸೂರಿಗೆ ಹೋಗಿ ನಾಲ್ಕು ದಿನವಾಯಿತು. ಕಾಗದ ರಾತ್ರಿಯೆಲ್ಲ ಗೋಡೆಯ ಗೂಡಿನಲ್ಲೇ ಇತ್ತು. ಇವತ್ತು ಬೆಳಿಗ್ಗೆ ಓದಿಸಿಕೊಂಡೆ. ಓದಿದವರು ಯಾರೆಂದು ಆಮೇಲೆ ಹೇಳುತ್ತೇನೆ.

ಕಾಗದದ ಜೊತೆ ಪ್ರವಾಸದ ಪಟ್ಟಿಯನ್ನೂ ಇಟ್ಟಿದ್ದೀರಿ. ಮೇ ಹದಿನಾರು ಶುಕ್ರವಾರ ಹೊರಟು ಭಾನುವಾರ ವಾಪಸು. ಹನೂರಿನ ನೂಲು ವ್ಯಾಪಾರಿ ಮಾದಸ್ವಾಮಿಯ ವ್ಯಾನು. ಬೆಳಿಗ್ಗೆ ಆರಕ್ಕೆ ಕೊಳ್ಳೇಗಾಲ ಬಿಡುವುದು, ಆರೂವರೆಗೆ ಯಳಂದೂರಿನಲ್ಲಿ ನನ್ನನ್ನು ಹತ್ತಿಸಿಕೊಳ್ಳುವುದು, ಎಂಟಕ್ಕೆ ಬಿಳಿಗಿರಿರಂಗನ ಬೆಟ್ಟ, ಮಧ್ಯಾಹ್ನಕ್ಕೆ ಚಾಮರಾಜನಗರ, ಸಾಯಂಕಾಲ ಬಂಡೀಪುರದಲ್ಲಿ ಆನೆ ನೋಡುವುದು, ಮಾರನೆಯ ದಿನ ಮುದುಮಲೈ ಕಾಡು ದಾಟಿ ಗೂಡಲೂರು ಘಾಟಿ ಹತ್ತಿ ಊಟಿ. ಯಾರು ಎಲ್ಲಿ ಕೂರಬೇಕೆಂದೂ ಬರೆದಿದ್ದೀರಿ. ಮುಂದೆ ಮಾದಸ್ವಾಮಿ ಮತ್ತು ಅವನ ತಾಯಿ. ನಡುವೆ ಕಿಟಕಿಯ ಪಕ್ಕ ನಮ್ಮ ಬನಶಂಕರಿ, ಅವಳ ಪಕ್ಕ ನಾನು. ಹಿಂದೆ ನೀವು, ನಿಮ್ಮ ಅಕ್ಕ, ಬುತ್ತಿ, ಹಾಸಿಗೆಯ ಸುರುಳಿ. ಬುತ್ತಿಗೂ ಒಂದು ಜಾಗ ಯೋಚಿಸಿ ಬರೆದಿದ್ದೀರಿ. ಬರುತ್ತೀಯಾ ಎಂದು ನನ್ನನ್ನು ಕೇಳಬೇಕೆಂದು ಮಾತ್ರ ನಿಮಗೆ ತೋಚಿಲ್ಲ.

ಪಟ್ಟಿ ಓದುವಾಗ ಬೆಟ್ಟದ ಜಡೆಮ್ಮ ಜಗಲಿಯ ಮೇಲೆ ಕೂತಿದ್ದಳು. ಜೇನು, ಸೀಗೆಕಾಯಿ ತರುತ್ತಾಳಲ್ಲ, ಕಾಡೊಳಗಿನ ಸೋಲಿಗರ ಹಟ್ಟಿ, ಪೋಡಿನವಳು. ಎಂಟು ಗಂಟೆಗೆ ಬೆಟ್ಟದ ಮೇಲಿರುತ್ತಾರಂತೆ ಎಂದು ಕೇಳಿ ನಕ್ಕುಬಿಟ್ಟಳು. ಗುಂಬಳ್ಳಿ ದಾಟಿದ ಮೇಲೆ ಗೇಟಿನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ, ಬೇಸಿಗೆಯಲ್ಲಿ ನೀರು ಯಾವ ತಿರುವಿನಲ್ಲಿ ಸಿಗುತ್ತದೆ, ಆನೆ ದಾರಿಗೆ ಬರುವುದು ಯಾವ ಹೊತ್ತು, ಇದೆಲ್ಲ ಅವಳು ಹೇಳಿದಳು. ಕಾಡಿನ ದಾರಿ ಹುಟ್ಟಿದಾಗಿನಿಂದ ತುಳಿದವಳು. ನಿಮ್ಮ ಪಟ್ಟಿಯೋ ಮಗ್ಗದ ಗುಂಡಿಯೊಳಗೆ ಕಾಲಿಟ್ಟುಕೊಂಡು ಕೂತಲ್ಲೇ ಬರೆದದ್ದು. ಹನೂರಿನ ಮಾದಸ್ವಾಮಿಯ ವ್ಯಾನು ಎಂದ ಕೂಡಲೇ ಜಡೆಮ್ಮನ ನಗು ನಿಂತಿತು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಸುತ್ತೇನೆ, ಓದಿಕೊಳ್ಳಿ.

“ಆ ವ್ಯಾನು ನಂಗೊತ್ತು ಕಣವ್ವ. ಮೂರು ವರ್ಸದಿಂದೆ ನಮ್ಮ ಏರಲ್ಲಿ ನಿಂತೋಯ್ತು. ಅವ್ನೆಡ್ತಿ ಇಳ್ದು ನಮ್ ಸಂಗಡ ತಳ್ಳುದ್ಲು. ಬಿಮ್ಮನ್ಸೆ ಅವ್ಳು. ಅವ್ನು ಇಳೀನಿಲ್ಲ.”

ತುಂಬು ಬಸುರಿಯ ಕೈಲಿ ವ್ಯಾನು ತಳ್ಳಿಸಿ ಒಳಗೆ ಕೂತಿದ್ದವನು. ಆ ಹೆಂಡತಿ ಈಗಿಲ್ಲ. ಅವನಿಗೆ ಮೂವತ್ತೈದು, ನಮ್ಮ ಮಗಳಿಗೆ ಹದಿನೇಳು. ಮೊನ್ನೆಯಷ್ಟೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮುಗಿಸಿದ್ದಾಳೆ, ರಿಸಲ್ಟ್ ಕೂಡ ಬಂದಿಲ್ಲ. ಅದು ಬರುವ ಮುಂಚೆಯೇ ಮದುವೆಯ ಮಾತು ಮುಗಿಸಿಬಿಡೋಣ ಎಂದು ಬರೆದಿದ್ದೀರಿ. ಪಾಸಾದರೆ ಟ್ರೈನಿಂಗಿಗೆ ಹೋಗುತ್ತೇನೆ, ಟೀಚರಾಗುತ್ತೇನೆ ಎಂದು ಹಟ ಹಿಡಿಯುತ್ತಾಳೆಂಬ ಭಯವಂತೆ. ಹಟ ನಮ್ಮಿಬ್ಬರ ರಕ್ತದಲ್ಲೇ ಇದೆ, ಅವಳಿಗೆ ಬೇರೆ ಎಲ್ಲಿಂದ ಬರಬೇಕು?

ನೀವು ಹೂಡಿರುವ ಹೂಟ ಚೆನ್ನಾಗಿದೆ. ಹುಡುಗಿಗೆ ಆನೆ ತೋರಿಸುತ್ತೇವೆಂದು ಹೇಳುವುದು. ಊಟಿಯ ಹೂತೋಟ ಸುತ್ತಿಸುವುದು. ಅಲ್ಲಿ ಎಲ್ಲರ ಮುಂದೆ ಮಾದಸ್ವಾಮಿಯ ತಾಯಿ ಇವಳ ಜಡೆಗೆ ಹೂ ಮುಡಿಸುವುದು. ಯಾರೋ ಹಿರಿಯರು ಪ್ರೀತಿಯಿಂದ ಮುಡಿಸಿದರೆಂದು ಹುಡುಗಿ ತಲೆ ಬಗ್ಗಿಸುತ್ತಾಳೆ. ಹೂ ಮುಡಿಸಿದ ಮೇಲೆ ಮಾತು ಆದ ಹಾಗೆಯೇ. ನಮ್ಮ ಜನದಲ್ಲಿ ಆಮೇಲೆ ಹಿಂದೆಗೆಯುವ ಹಾಗಿಲ್ಲ. ಆದರೆ ಹೆತ್ತ ತಾಯಿ ಹೂವಿನ ತಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲದೆ ನಾನು ಹೂ ಮುಟ್ಟುವುದಿಲ್ಲ ಎಂದು ಆ ಮುದುಕಿ ಹೇಳಿದ್ದಾಳೆ. ಅದಕ್ಕೇ ಆರು ವರ್ಷದ ಮೇಲೆ ನನ್ನ ನೆನಪಾಗಿದೆ. ಧಾರೆ ಸೀರೆ ಉಟ್ಟು ಬಾ ಎಂದು ಬೇರೆ ಬರೆದಿದ್ದೀರಿ. ಅದು ಬಂದಿರುವುದು ನನಗಲ್ಲ, ತಟ್ಟೆ ಹಿಡಿಯುವ ಎರಡು ಕೈಗೆ ಬಂದಿರುವ ಕರೆ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ನನ್ನ ಹೊಟ್ಟೆಗೆ ಬೆಂಕಿ ಇಟ್ಟದ್ದು ನೀವು ಹಿಡಿದ ದಿನ. ಮೇ ಹದಿನಾರು ಅಮಾವಾಸ್ಯೆ. ಭೂಮಿಯ ಮೇಲೆ ಯಾರಾದರೂ ಹೆಣ್ಣಿಗೆ ಹೂ ಮುಡಿಸಲು ಅಮಾವಾಸ್ಯೆಯ ದಿನ ಹೊರಡುತ್ತಾರೆಯೇ? ನೀವು ಹೊರಡುತ್ತೀರಿ, ಏಕೆಂದರೆ ಅವತ್ತು ಮಗ್ಗ ನಿಂತಿರುತ್ತದೆ. ಅಮಾವಾಸ್ಯೆಯ ದಿನ ನೇಕಾರ ಲಾಳಿ ಮುಟ್ಟುವುದಿಲ್ಲ. ಮಾರನೆಯ ಎರಡು ದಿನ ಆಳುಗಳು ಮಗ್ಗಕ್ಕೆ ಹೊಸ ಹಾಸಿನ ಎಳೆ ಏರಿಸುವುದರಲ್ಲಿ ಹೋಗುತ್ತದೆ. ಹೇಗೂ ನಿಲ್ಲುವ ಮೂರು ದಿನ ನೋಡಿ ಮಗಳನ್ನು ಕೊಡಲು ಹೊರಟಿದ್ದೀರಿ. ನಿಮಗೆ ಬೇರೆ ಪಂಚಾಂಗವೇ ಇಲ್ಲ.

ಆ ಮಗ್ಗ ನಿಲ್ಲುವ ದಿನ ನನ್ನದು. ತಿಂಗಳಿಗೆ ಅದೊಂದೇ ದಿನ ನನ್ನ ಮಗಳು ಮೊದಲ ಬಸ್ಸಿಗೆ ಬಂದು ಕಡೆಯ ಬಸ್ಸಿಗೆ ಹೋಗುವುದು. ಬೇರೆ ದಿನ ಲಾಳಿಗೆ ನೂಲಿನ ಕಂಡಿಕೆ ಸುತ್ತುವವರಿಲ್ಲ ಎಂದು ಕಳಿಸುವುದಿಲ್ಲ. ನಾನು ಮಾಂಬಳ್ಳಿಯಲ್ಲಿ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಕೆಲಸಕ್ಕೆ ಹೋಗುತ್ತೇನೆ. ಹುಳು ನಾಲ್ಕನೇ ಜ್ವರದಿಂದ ಎದ್ದು ಹಗಲಿರುಳು ಸೊಪ್ಪು ತಿನ್ನುತ್ತಿದ್ದರೂ ಆ ದಿನ ಮಾತ್ರ ಹೋಗುವುದಿಲ್ಲ. ಅವಳ ಜಡೆ ಬಿಚ್ಚಿ ಬಾಚುತ್ತೇನೆ. ಕಣ್ಣು ಸರಿಯಾಗಿ ಕಾಣದಿದ್ದರೂ ಕೂದಲು ಎಷ್ಟು ಬೆಳೆದಿದೆಯೆಂದು ಕೈಗೆ ಗೊತ್ತಾಗುತ್ತದೆ. ಆ ಜಡೆಗೇ ಹೂ ಮುಡಿಸಲು, ಆ ದಿನವನ್ನೇ ಹಿಡಿದಿದ್ದೀರಿ. ಬೇಕೆಂದೇ ಮಾಡಿದ್ದರೆ ಕ್ಷಮಿಸುತ್ತಿದ್ದೆ. ನಿಮಗೆ ಅದು ನೆನಪಿಗೇ ಬಂದಿಲ್ಲವಲ್ಲ, ಅದನ್ನು ಕ್ಷಮಿಸಲಾರೆ.

ಕಣ್ಣಿನ ಮಾತು ಬಂತು, ಆದ್ದರಿಂದ ಹೇಳುತ್ತೇನೆ. ಹದಿಮೂರು ವರ್ಷ ನಿಮ್ಮ ಮನೆಯ ಹಾಸು ಕೂಡಿಸಿದವಳು ನಾನು. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ತುದಿ, ಎಳೆಗೆ ಎಳೆ, ನಾಲ್ಕು ಸಾವಿರ ಎಳೆ, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಸೇರಿಸಿದೆ. ಕಿಟಕಿಯಿಲ್ಲದ ಆ ಕೋಣೆಯಲ್ಲೇ ಕಣ್ಣು ಮಂಜಾದದ್ದು. ಒಂದು ಮದುವೆ ಸೀರೆಯ ಹಾಸಿನಲ್ಲಿ ಎಳೆ ಅದಲುಬದಲಾಯಿತು, ಗಜದುದ್ದ ನೇಯ್ದ ಮೇಲೆ ನಿಮಗೆ ತಿಳಿಯಿತು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ನೀವು ತಲೆ ಎತ್ತದೆ ಹೇಳಿದಿರಿ: “ಕಣ್ಣು ನೆಟ್ಟಗಾಗೋಗಂಟ ತವರಲ್ಲಿರು, ಓಗು. ಮಗೀನ ಬುಟ್ಟೋಗು.” ಹನ್ನೊಂದು ವರ್ಷದ ಮಗುವನ್ನು ಬಿಟ್ಟು ಬಂದೆ. ಡಾಕ್ಟರಿಗೆ ತೋರಿಸುತ್ತೀರೆಂದುಕೊಂಡಿದ್ದೆ. ಅದೂ ಇಲ್ಲ.

ನಮ್ಮ ಮದುವೆಯಾದಾಗ ನಿಮ್ಮೂರು ಮದರಾಸಿಗೆ ಸೇರಿತ್ತು, ನಮ್ಮೂರು ಮೈಸೂರಿಗೆ. ಬೇರೆ ರಾಜ್ಯಕ್ಕೆ ಹೆಣ್ಣು ಕೊಡುತ್ತೀಯಾ ಎಂದು ಜನ ನನ್ನ ಅಪ್ಪನನ್ನು ಹಾಸ್ಯ ಮಾಡಿದ್ದರು. ಈಗ ಎರಡೂ ಒಂದೇ ರಾಜ್ಯವಾಗಿ ಹನ್ನೆರಡು ವರ್ಷ ದಾಟಿತು. ನಡುವೆ ಇರುವುದು ಹತ್ತು ಹನ್ನೊಂದು ಮೈಲಿ. ಇನ್ನೂರು ಮೈಲಿ ಕಾಡು ಬೆಟ್ಟ ಸುತ್ತಲು ಪಟ್ಟಿ ಹಾಕುವ ನಿಮಗೆ ಆ ಹನ್ನೊಂದು ಮೈಲಿ ಬರಲು ಆಗಲಿಲ್ಲ. ಮೊದಲ ವರ್ಷ ಕೊಳ್ಳೇಗಾಲದ ಬಸ್ಸಿನ ಹಾರ್ನು ಕೇಳಿದಾಗಲೆಲ್ಲ ಬಾಗಿಲಿಗೆ ಬರುತ್ತಿದ್ದೆ. ಇದನ್ನು ಬರೆಯಬೇಡ ಎಂದೆ, ಬರೆಯುವ ಕೈ ಬರೆದುಬಿಟ್ಟಿತಂತೆ. ಇರಲಿ. ಅದು ಮೊದಲ ವರ್ಷದ ಮಾತು, ಆಮೇಲೆ ಬಿಟ್ಟೆ.

ಆರು ವರ್ಷದಲ್ಲಿ ನಿಮ್ಮಿಂದ ‘ಬಾ’ ಎಂಬ ಒಂದು ಮಾತು ಬಂದಿಲ್ಲ. ಈ ಕಾಗದದಲ್ಲಾದರೂ ಇದೆಯೇನೋ ಎಂದು ಎರಡು ಸಲ ಓದಿಸಿ ಕೇಳಿದೆ. ವ್ಯಾನಿಗೆ ಬಾ, ಧಾರೆ ಸೀರೆ ಉಟ್ಟು ಬಾ, ತಟ್ಟೆ ಹಿಡಿಯಲು ಬಾ ಎಂದು ಇದೆ. ಮನೆಗೆ ಬಾ ಎಂದು ಎಲ್ಲೂ ಇಲ್ಲ. ಅಲ್ಲಿಗೆ ನನಗೂ ನಿಮಗೂ ಮಾತು ಮುಗಿಯಿತು.

ಈಗ ಕೇಳಿ. ನಿಮ್ಮ ಕಾಗದ ಓದಿದವಳು ಬನಶಂಕರಿ. ಮೇಷ್ಟ್ರಿಲ್ಲ, ಅಮಾವಾಸ್ಯೆ, ಅವಳು ಬಂದಳು; ನಾನೇ ಗೂಡಿನಿಂದ ತೆಗೆದು ಕೈಗೆ ಕೊಟ್ಟೆ. ‘ಹುಡುಗಿಗೆ ತಿಳಿಯಬಾರದು’ ಎಂಬ ಸಾಲನ್ನು ಹುಡುಗಿಯೇ ನನಗೆ ಓದಿ ಹೇಳಿದಳು. ಅಳಲಿಲ್ಲ. ಪಟ್ಟಿಯನ್ನು ಮಡಿಸಿಟ್ಟು, ಅವ್ವ ನೀನು ಹೇಳು, ನಾನು ಬರೆಯುತ್ತೇನೆ ಎಂದಳು.

ನಾನು ಬರುವುದಿಲ್ಲ. ತಟ್ಟೆ ಹಿಡಿಯುವುದಿಲ್ಲ. ಯಾರಾದರೂ ಹಿಡಿದರೆ ಊಟಿಯಲ್ಲಾಗಲಿ ಹನೂರಿನಲ್ಲಾಗಲಿ ಹುಡುಕಿಕೊಂಡು ಬಂದು ಆ ಮುದುಕಿಯ ಎದುರಿಗೇ ತಟ್ಟೆ ಮಗುಚುತ್ತೇನೆ. ಬನಶಂಕರಿ ಇವತ್ತು ಸಾಯಂಕಾಲದ ಬಸ್ಸಿಗೆ ಬರುವುದಿಲ್ಲ. ನಾಳೆಯೂ ಬರುವುದಿಲ್ಲ. ರಿಸಲ್ಟ್ ಬರುವವರೆಗೂ ಇಲ್ಲೇ ಇರುತ್ತಾಳೆ, ಆಮೇಲೆ ಟ್ರೈನಿಂಗಿಗೆ ಹೋಗುತ್ತಾಳೆ. ಕಂಡಿಕೆ ಸುತ್ತಲು ನಿಮ್ಮ ಅಕ್ಕನಿಗೆ ಹೇಳಿ, ಅವರ ಕಣ್ಣು ಚೆನ್ನಾಗಿದೆಯಲ್ಲ. ಈ ಕಾಗದವನ್ನು ಸಾಯಂಕಾಲದ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸುತ್ತಿದ್ದೇನೆ. ಮಗಳನ್ನು ಕರೆದುಕೊಂಡು ಹೋಗಲು ಸ್ಟ್ಯಾಂಡಿಗೆ ಬಂದಿರುತ್ತೀರಿ, ಕಾಗದ ತೆಗೆದುಕೊಂಡು ಹೋಗಿ.

ಪ್ರವಾಸ ಹೋಗಲೇಬೇಕೆಂದಿದ್ದರೆ ನೀವು ನಿಮ್ಮ ಅಕ್ಕ ಹೋಗಿ ಬನ್ನಿ. ಏರಿನಲ್ಲಿ ವ್ಯಾನು ನಿಂತರೆ ನೀವೇ ಇಳಿದು ತಳ್ಳಬೇಕಾಗುತ್ತದೆ, ಅದನ್ನು ಪಟ್ಟಿಯಲ್ಲಿ ಸೇರಿಸಿಕೊಳ್ಳಿ.

ಇತಿ, ಮನೆಗೆ ಬಾ ಎಂದು ಕರೆಸಿಕೊಳ್ಳದವಳು,
ಅನಸೂಯಮ್ಮ
(ಎಡಗೈ ಹೆಬ್ಬೆಟ್ಟಿನ ಗುರುತು)

ವಿ. ಸೂ. ಅಪ್ಪ, ಇದನ್ನು ಬನಶಂಕರಿ ಬರೆಯುತ್ತಿದ್ದೇನೆ. ಅವ್ವ ಹೆಬ್ಬೆಟ್ಟಿನ ಮಸಿ ತೊಳೆಯಲು ಬಚ್ಚಲಿಗೆ ಹೋಗಿದ್ದಾಳೆ, ಬರುವುದರೊಳಗೆ ಮುಗಿಸಬೇಕು. ನಿಮ್ಮ ಕಾಗದದ ಕಡೆಯಲ್ಲಿ ರುಜುವಿನ ಮೇಲೆ ಎರಡು ಸಾಲು ಬರೆದಿದ್ದಿರಿ: ‘ಪ್ರವಾಸ ಮುಗಿದ ಮೇಲೆ ನೀನು ಯಳಂದೂರಿನಲ್ಲಿ ಇಳಿಯುವುದು ಬೇಡ, ನಮ್ಮ ಮನೆಗೇ ಬಾ. ಅವತ್ತು ನಾನು ಹಾಗೆ ಹೇಳಬಾರದಿತ್ತು.’ ಅವ್ವ ಎರಡು ಸಲ ಓದಿಸಿದಳು. ಎರಡು ಸಲವೂ ನಾನು ಅದನ್ನು ಬಿಟ್ಟು ಓದಿದೆ. ಓದಿದ್ದರೆ ಅವಳು ಇವತ್ತೇ ಪೆಟ್ಟಿಗೆ ಕಟ್ಟುತ್ತಿದ್ದಳು, ಹೂವಿನ ತಟ್ಟೆಯನ್ನೂ ಹಿಡಿಯುತ್ತಿದ್ದಳು. ನನಗೆ ಹೆದರಿಕೆಯಾಯಿತು. ಕಾಗದವನ್ನು ಹರಿದಿಲ್ಲ, ನನ್ನ ಪುಸ್ತಕದ ಒಳಗಿದೆ. ಹನೂರಿನವರಿಗೆ ಇಲ್ಲವೆಂದು ಹೇಳಿ, ಆ ಎರಡು ಸಾಲನ್ನು ನೀವೇ ಬಂದು ಅವಳಿಗೆ ಹೇಳಿ. ವ್ಯಾನಿನಲ್ಲಿ ಬೇಡ, ಬಸ್ಸಿನಲ್ಲಿ ಬನ್ನಿ. ‘ಮೊದಲ ವರ್ಷ’ ಎಂದು ಅವ್ವ ಬರೆಸಿದ್ದು ಸುಳ್ಳು. ಇವತ್ತು ನನ್ನ ಬಸ್ಸು ಬಂದು ಹೋದ ಮೇಲೂ, ನಾನು ಅವಳ ಪಕ್ಕದಲ್ಲೇ ಕೂತಿದ್ದಾಗಲೂ, ಇನ್ನೊಂದು ಹಾರ್ನು ಕೇಳಿ ಎದ್ದು ಬಾಗಿಲಿಗೆ ಹೋದಳು.