ವೈರಿಲ್ಲದ ಬೈರಿಗೆ

ಕಳಸ,
೧೮-೮-೧೯೮೬

ಮರಿಯಂಳ ಅಬ್ಬಾ ಅವರಿಗೆ, ಹಮೀದುನ್ನೀಸಾಳ ಸಲಾಂ.

ಮಸ್ಕತ್ತಿನ ಸೆಕೆಗೆ ಎದ್ದಿದ್ದ ಬೆವರುಸಾಲೆ ಈಗ ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ಇಲ್ಲಿ ಮಾವನ ಮಂಡಿನೋವು ಇದ್ದ ಹಾಗೇ ಇದೆ, ಅತ್ತೆಯ ಬಾಯಿಯೂ ಇದ್ದ ಹಾಗೇ ಇದೆ. ಇನ್ನೆರಡು ವರ್ಷಕ್ಕೆ ಸಹಿ ಹಾಕಲೋ, ಊರಿಗೆ ಬಂದುಬಿಡಲೋ ಎಂದು ಕೇಳಿದ್ದೀರಿ. ಕಳಿಸಿದ ಮೆಷಿನ್ ಚೆನ್ನಾಗಿ ಕೆಲಸ ಮಾಡಿದರೆ ಇನ್ನೂ ಕಳಿಸುತ್ತೇನೆ, ಮಾವನ ಜೀಪ್ ರಿಪೇರಿ ಶೆಡ್ಡನ್ನೇ ದೊಡ್ಡದು ಮಾಡೋಣ ಎಂದೂ ಬರೆದಿದ್ದೀರಿ. ಹಾಗಾದರೆ ಮೊದಲು ಆ ಮೆಷಿನ್ನಿನ ಕಥೆ ಕೇಳಿ.

ನಾನು ಕೇಳಿದ್ದಾದರೂ ಏನು? ಬಚ್ಚಲುಮನೆ ಬಾಗಿಲಿಗೆ ಒಳಗಿನಿಂದ ಒಂದು ಚಿಲಕ. ಮದುವೆಯಾಗಿ ಬಂದಾಗಿನಿಂದ ಬಾಗಿಲಿಗೆ ತುಂಬಿದ ಬಕೆಟ್ ಒತ್ತಿಟ್ಟು ಸ್ನಾನ ಮಾಡುತ್ತಿದ್ದೇನೆ. "ನಾಳೆ ಹಾಕ್ತೀನಿ ಮಾರಾಯ್ತಿ" ಅನ್ನುತ್ತಲೇ ನೀವು ವಿಮಾನ ಹತ್ತಿದಿರಿ. ಈಗ ನೋಡಿದರೆ ತೂತು ಕೊರೆಯುವ ಮೆಷಿನ್ನನ್ನೇ ನಿಮ್ಮ ಗೆಳೆಯ ಮಹಮ್ಮದ್ ಕೈಲಿ ಕಳಿಸಿದ್ದೀರಿ! ಅಂಗಡಿಯವನು ವೈರಿರುವುದು, ವೈರಿಲ್ಲದ್ದು ಎರಡೂ ತೋರಿಸಿದ, ನಮ್ಮೂರಲ್ಲಿ ಕರೆಂಟ್ ಇರುವುದಿಲ್ಲವಲ್ಲ ಅಂತ ವೈರಿಲ್ಲದ್ದೇ ಆರಿಸಿದೆ ಎಂದು ಜಂಬದಿಂದ ಬೇರೆ ಬರೆದಿದ್ದೀರಿ. ಯಾ ಅಲ್ಲಾ, ಅದರ ಬ್ಯಾಟರಿಗೆ ಚಾರ್ಜ್ ತುಂಬಲು ಕರೆಂಟ್ ಬೇಡವೇ? ಇಲ್ಲಿ ಕರೆಂಟ್ ಹೋಗಿ ವಾರದ ಮೇಲಾಯಿತು.

ಮಹಮ್ಮದ್ ಪುಣ್ಯಾತ್ಮ ಚಾರ್ಜ್ ತುಂಬಿಸಿಯೇ ತಂದುಕೊಟ್ಟಿದ್ದರು. ಪೆಟ್ಟಿಗೆ ಬಿಚ್ಚುವಾಗ ಅತ್ತೆ ಮರಿಯಂಳನ್ನು ಎತ್ತಿಕೊಂಡು "ನೋಡು, ಅಬ್ಬಾಂದು ಬಂತು" ಅಂದರು. ಅವಳು "ಅಬ್ಬಾ ಬಂತು, ಅಬ್ಬಾ ಬಂತು" ಎಂದು ಮನೆಯೆಲ್ಲ ಕುಣಿದಳು. ದೊಡ್ಡವರಿಗೆ ಬಂತು ಅನ್ನಬಾರದು, ಬಂದ್ರು ಅನ್ನಬೇಕು ಎಂದು ನಾನು ಗದರಿದೆ. ಮಾವನ ಕುಣಿತವೋ ಮೊಮ್ಮಗಳಿಗಿಂತ ಜೋರು. ನೋಡಲು ಬಂದವರಿಗೆಲ್ಲ "ಕರೆಂಟೇ ಬೇಡ ಕಣ್ರೀ ಇದಕ್ಕೆ, ನೋಡಿ" ಎಂದು ಒಂದೊಂದು ತೂತು ಕೊರೆದು ತೋರಿಸಿದರು. ಕೂರುವ ಮಣೆಗೆ ತೂತು, ಒನಕೆಗೆ ತೂತು, ನನ್ನ ಚಪಾತಿ ಮಣೆಗೂ ತೂತು! ಎದುರು ಅಂಗಡಿಯ ಸಿದ್ದಬಸಪ್ಪನವರು ತಮ್ಮ ಬೋರ್ಡನ್ನೇ ಇಳಿಸಿ ತಂದು ತೂತು ಹಾಕಿಸಿಕೊಂಡು ಹೋದರು. ಕೊನೆಗೆ ನನ್ನ ಬಚ್ಚಲಿನ ಸರದಿ ಬಂದಾಗ, ಹೆಬ್ಬಲಸಿನ ಮರದ ಬಾಗಿಲು ದಾರಂದದೊಳಗೆ ಉಗುರಿನಷ್ಟು ಹೋಗಿ ಮೆಷಿನ್ ಗೊರ್ ಎಂದು ನಿಂತೇಬಿಟ್ಟಿತು.

ಆಮೇಲೆ ಅತ್ತೆ ರಂಗಕ್ಕಿಳಿದರು. ಟಾರ್ಚಿನ ಸೆಲ್ಲು ಸತ್ತರೆ ಬಿಸಿಲಿಗಿಟ್ಟು ಬದುಕಿಸುತ್ತೇವಲ್ಲ, ಇದಕ್ಕೂ ಅದೇ ಮದ್ದು ಎಂದು ಅವರ ಲೆಕ್ಕಾಚಾರ. ಆಗಸ್ಟ್‌ನಲ್ಲಿ ಬಿಸಿಲೆಲ್ಲಿ? ಒಲೆಯ ಪಕ್ಕ ಇಟ್ಟರು. ಅಪ್ಪಟ ಪ್ಲಾಸ್ಟಿಕ್ಕು, ಕರಗಿ ಊದಿಕೊಂಡು ಡಬ್ ಎಂದಿತು. ಸಾರಿಗೂ ಆ ನಾತವೇ. "ನಿನ್ನ ಗಂಡ ಗಟ್ಟಿ ಮಾಲು ನೋಡಿ ತರಬಾರದಿತ್ತಾ?" ಎಂದು ನನಗೇ ಬೈಗುಳ! ನನಗೂ ಸಾಕಾಗಿಹೋಯಿತು. ಅಟ್ಟದಿಂದ ಮಾವನ ಹಳೆಯ ಕೈಬೈರಿಗೆ ಇಳಿಸಿದೆ. ಅವರು ಒತ್ತಿ ಹಿಡಿದರು, ನಾನು ತಿರುಗಿಸಿದೆ. ಅಂಗೈಯಲ್ಲಿ ಬೊಬ್ಬೆ ಬಂದಿದೆ, ಆದರೆ ಚಿಲಕ ಕೂತಿತು. ಇವತ್ತು ಬಕೆಟ್ಟಿನ ಕಾವಲಿಲ್ಲದೆ ಸ್ನಾನ ಮಾಡಿದೆ.

ಮಾವ, ಅತ್ತೆ ಇಬ್ಬರೂ ನಿಮಗಾಗಿ ದುವಾ ಮಾಡುತ್ತಿದ್ದಾರೆ. ಮೈ ಕಡೆ ನಿಗಾ ಇರಲಿ.

ನಿಮ್ಮ,
ಹಮೀದುನ್ನೀಸಾ

ಮರೆತಿದ್ದೆ: ಕಾಗದ ಟಪಾಲಿಗೆ ಹಾಕಲು ಮಾವ ಕೊಡೆ ಹಿಡಿದು ನಿಂತಿದ್ದಾರೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಪಕ್ಕದ ಮನೆಯ ಗಿರಿಜಾಂಬಾ ಅವರು ಬಂದವರು ಮರಿಯಂಳನ್ನು "ನಿನ್ನ ಅಬ್ಬಾ ಎಲ್ಲಿ ಪುಟ್ಟಿ?" ಎಂದು ಮಾತಾಡಿಸಿದರು. ಇವಳು ಅವರ ಕೈ ಹಿಡಿದು ಎಳೆದುಕೊಂಡು ಹೋಗಿ, ಮೂಲೆಯಲ್ಲಿದ್ದ ಮೆಷಿನ್ ಪೆಟ್ಟಿಗೆ ತೆಗೆದು ತೋರಿಸಿದಳು. "ಇಲ್ಲಿದ್ದಾರೆ. ಕೆಟ್ಟೋಗಿದ್ದಾರೆ. ಮಾತಾಡಲ್ಲ" ಅಂದಳು, ನಾನು ಕಲಿಸಿದ ಮರ್ಯಾದೆಯಲ್ಲೇ. ಗಿರಿಜಾಂಬಾ ನಕ್ಕರು. ನನಗೆ ನಗು ಬರಲಿಲ್ಲ. ನೀವು ಹೋದಾಗ ಅವಳಿನ್ನೂ ನನ್ನ ಹೊಟ್ಟೆಯಲ್ಲಿದ್ದಳು, ಫೋಟೋ ತೋರಿಸಿದರೆ ಮುಖ ತಿರುಗಿಸುತ್ತಾಳೆ. ಸಹಿ ಹಾಕಬೇಡಿ. ಬರುವಾಗ ಕೈಯಲ್ಲಿ ಏನೂ ಹಿಡಿದುಕೊಂಡು ಬರಬೇಡಿ. ಅದನ್ನೇ ಅಬ್ಬಾ ಅಂದುಕೊಂಡಾಳು.