ಪಕ್ಕದ ಕುರ್ಚಿಯ ಸೋಲೋ

ಜುಲೈ 11

ಬೆಳಿಗ್ಗೆ ಗಾಳಿವಾದ್ಯದವರಿಗೆ ಮಾತ್ರ ರಿಹರ್ಸಲ್. ನಿಧಾನದ ಭಾಗದಲ್ಲಿ ನಾನೊಬ್ಬಳೇ ಊದುವ ಸೋಲೋ ಮತ್ತೆ ಮತ್ತೆ. ಮೇಷ್ಟ್ರು ಪ್ಲಾಸ್ಟರ್ ಹಾಕಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂತಿದ್ದರು. ಪ್ರತಿ ಸಲವೂ ಒಂದೇ ಮಾತು.

“ತಪ್ಪಿಲ್ಲ. ಆದ್ರೆ ಪಾಠ ಒಪ್ಪಿಸ್ತಿದ್ದೀಯ. ಮಾತಾಡು.”

ಹೇಗೆ ಮಾತಾಡೋದು ಸಾರ್ ಅಂದೆ.

“ಅದನ್ನ ಬಾಯಲ್ಲಿ ಹೇಳೋಕೆ ಬಂದಿದ್ರೆ ನಾನ್ಯಾಕೆ ಕ್ಲಾರಿನೆಟ್ ಊದ್ತಿದ್ದೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ... ಸ್ವಲ್ಪ.

ಹತ್ತಾರು ದೇಶಗಳ ಹುಡುಗ ಹುಡುಗಿಯರಿರುವ ಬೇಸಿಗೆ ಆರ್ಕೆಸ್ಟ್ರಾ ಇದು, ಈ ದೇಶದಲ್ಲಿ ಜುಲೈ ಅಂದರೆ ಬೇಸಿಗೆ. ಕ್ಲಾರಿನೆಟ್‌ಗೆ ಮಾತ್ರ ಇಬ್ಬರೇ. ಮೊದಲ ಕುರ್ಚಿ ನನ್ನದು. ಎರಡನೆಯದು ಚಿಟಿಕೆಯದು. ಊದದೆ ಕಾಯಬೇಕಾದಲ್ಲಿ ತೊಡೆಯ ಮೇಲೆ ಸದ್ದಿಲ್ಲದ ಚಿಟಿಕೆ ಹಾಕಿ ತಾಳ ಎಣಿಸುತ್ತಾಳೆ, ಅದಕ್ಕೇ ಆ ಹೆಸರು. ನನಗಿಂತ ಚಿಕ್ಕವಳು. ಅಕ್ಕ ಅನ್ನುತ್ತಾಳೆ. ಮುಂದಿನ ವರ್ಷದ ತರಬೇತಿಗೆ ನಮ್ಮಲ್ಲಿ ಒಬ್ಬರಿಗಷ್ಟೇ ಜಾಗ. ಇಬ್ಬರಿಗೂ ಗೊತ್ತು. ಆ ಮಾತು ಎತ್ತುವುದಿಲ್ಲ.

ಜುಲೈ 13

ಅಪ್ಪನ ಫೋನು. ಪತ್ರಿಕೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಮುನ್ನ ಮಾಡಿದ್ದು. ಕರಡು ತಿದ್ದುವ ಕೆಲಸ, ಕಣ್ಣು ಉರಿಯುತ್ತದಂತೆ.

“ಮನೆ ತುಂಬಾ ನಿಶ್ಶಬ್ದ ಕಣಮ್ಮ. ನಿದ್ದೇನೇ ಬರಲ್ಲ.”

ನಾನು ಅಭ್ಯಾಸ ಮಾಡುವಾಗ ಅವರು ಪಕ್ಕದ ಕೋಣೆಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಮಲಗುತ್ತಿದ್ದರು. ಎಷ್ಟೋ ವರ್ಷ. ಒಂದು ದಿನವೂ “ಸಾಕು ನಿಲ್ಲಿಸು” ಅಂದದ್ದಿಲ್ಲ. ಆಗ ಅದು ಹೊಳೆಯಲಿಲ್ಲ. ಈಗ ಹೊಳೆಯಿತು. ಬರೆದಿಡಬೇಕು ಅನ್ನಿಸಿತು.

ಜುಲೈ 17, ಬೆಳಿಗ್ಗೆ

ನೆನ್ನೆ ಸಂಜೆ ಸಂಗೀತ ಕಚೇರಿ ಆಯಿತು. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ನಮ್ಮ ಬಳಿ ಎರಡೆರಡು ಕ್ಲಾರಿನೆಟ್. ಮೊದಲ ಭಾಗಕ್ಕೆ ಗಿಡ್ಡನೆಯದು, ನಿಧಾನದ ಭಾಗಕ್ಕೆ ಉದ್ದನೆಯದು. ಒಂದು ಬೆರಳಿನಷ್ಟೇ ವ್ಯತ್ಯಾಸ. ಆದರೆ ಅದಲುಬದಲಾದರೆ ಪ್ರತಿ ಸ್ವರವೂ ಅಪಸ್ವರ. ಊದುವ ಮೂತಿ ಮಾತ್ರ ಒಂದೇ. ಇದರಿಂದ ಕಿತ್ತು ಅದಕ್ಕೆ ಸಿಕ್ಕಿಸಬೇಕು.

ಮೊದಲ ಭಾಗ ಮುಗಿಯಿತು. ಮೂತಿ ಕಿತ್ತೆ. ಗಿಡ್ಡದ ಒಳಗೆ ಬಟ್ಟೆ ಎಳೆದು ನೀರು ಒರೆಸಿದೆ. ಒರೆಸಿದ ಕೈ ಮೂತಿಯನ್ನು ಮತ್ತೆ ಅದಕ್ಕೇ ಸಿಕ್ಕಿಸಿತು. ಪಿಟೀಲುಗಳು ಶುರುವಾದವು. ನನ್ನ ಸೋಲೋಗೆ ಎರಡೇ ತಾಳ ಬಾಕಿ ಇದ್ದಾಗ ಕಣ್ಣು ಕೆಳಗೆ ಹೋಯಿತು. ಉದ್ದನೆಯದು ಸ್ಟ್ಯಾಂಡಿನಲ್ಲೇ ನಿಂತಿತ್ತು.

ಚಿಟಿಕೆಯ ಮೊಣಕಾಲು ತಟ್ಟಿದೆ. ಅವಳು ನನ್ನ ಮಡಿಲು ನೋಡಿದಳು, ಸ್ಟ್ಯಾಂಡು ನೋಡಿದಳು, ಉಸಿರೆಳೆದು ಊದಿಬಿಟ್ಟಳು. ಅವಳ ಹಾಳೆಯಲ್ಲಿ ಆ ಸೋಲೋ ಇಲ್ಲ. ಬೇಸಿಗೆಯೆಲ್ಲ ಪಕ್ಕದಲ್ಲಿ ಕೂತು ಕೇಳಿದ್ದು, ಅಷ್ಟೇ.

ಮಾತಾಡಿದಳು. ಮೇಷ್ಟ್ರು ಕೇಳುತ್ತಿದ್ದದ್ದು ಅದನ್ನೇ.

ಅಷ್ಟರಲ್ಲಿ ಮೂತಿ ಬದಲಿಸಿ, ಅವಳ ಹಾಳೆಯತ್ತ ಬಾಗಿ, ಎರಡನೆಯವಳ ಸಾಲನ್ನು ನಾನು ಊದಿದೆ. ಆ ಭಾಗ ಮುಗಿಯುವವರೆಗೂ ಹಾಗೇ.

ಸಭಿಕರಿಗೆ ಏನೂ ತಿಳಿಯಲಿಲ್ಲ. ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಹುಬ್ಬು ಏರಿಸಿದರು, ಕೊನೆಯಲ್ಲಿ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿದರು. ನೆನ್ನೆಯೇ ವಿಮಾನ ಹತ್ತಿದರು. ಇನ್ನು ಕೊನೆಯ ಕಚೇರಿಗೇ ಬರುವುದು.

ಉಪಕಾರ ಅಂದರೆ ಇದು. ಚಿಟಿಕೆಗೆ ಥ್ಯಾಂಕ್ಸ್ ಅಂದೆ. “ಹೋಗಕ್ಕ, ಹೇಗೆ ಊದಿದೆ ಅಂತ ನಂಗೇ ಗೊತ್ತಿಲ್ಲ” ಅಂದಳು.

ಜುಲೈ 17, ಮಧ್ಯಾಹ್ನ

ಕಾರಿಡಾರಿನಲ್ಲಿ ಮೇಷ್ಟ್ರು ಊರುಗೋಲು ಅಡ್ಡ ಹಿಡಿದು ನಿಲ್ಲಿಸಿದರು. ಕಾಲಿನ ದೆಸೆಯಿಂದ ಸಭಾಂಗಣದ ಮೆಟ್ಟಿಲು ಹತ್ತಲಾಗದೆ ಕೆಳಗಿನ ರೆಕಾರ್ಡಿಂಗ್ ಕೋಣೆಯಲ್ಲಿ ಕೂತಿದ್ದರಂತೆ. ಹೆಡ್‌ಫೋನಿನಲ್ಲಿ ಕೇಳಿದ್ದು. ವೇದಿಕೆ ಕಾಣುವುದಿಲ್ಲ ಅಲ್ಲಿಂದ.

“ಕೊನೆಗೂ ಮಾತಾಡಿದೆಯಲ್ಲಮ್ಮ. ಮುಂದಿನ ವರ್ಷ ನೀನೇ. ಬರೋ ವಾರ ಶನಿವಾರ ಎಲ್ಲರಿಗೂ ಹೇಳ್ತೀನಿ. ಅಲ್ಲೀವರೆಗೂ ಬಾಯಿ ಬಿಡಬೇಡ.”

ಬಾಯಿ ಬಿಡಲಿಲ್ಲ.

ಜುಲೈ 18

ಊಟ. ರಿಹರ್ಸಲ್. ನಿದ್ದೆ ಇಲ್ಲ.

ಜುಲೈ 20

ಓಬೋ ಊದುವ ಹುಡುಗ ತಿಂಡಿ ಹೊತ್ತಿನಲ್ಲಿ ಸುಮ್ಮನೆ “ಏನು, ಮುಖ ಬಾಡಿದೆ?” ಅಂದ. “ನಾನೇನೂ ಮಾಡಿಲ್ಲ” ಅಂದುಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಚಿಟಿಕೆಯನ್ನು ಹೊರಗೆ ಕರೆದು ಎಲ್ಲ ಹೇಳಿದೆ. ಕಾಲುದಾರಿಯ ಕಲ್ಲೊಂದನ್ನು ಒದ್ದಳು.

“ಇವತ್ತು ಸೋಮವಾರ. ಅಂದ್ರೆ ಮೂರು ದಿನ ಇಟ್ಕೊಂಡಿದ್ದೆ.”

“ಹೂಂ.”

“ಬೈಬೇಕು ಅನ್ಸುತ್ತೆ. ಅಕ್ಕ ಅಂದು ಅಂದು ಅಭ್ಯಾಸ ಆಗಿ ಬೈಯೋಕೂ ಬರ್ತಿಲ್ಲ.”

“ಬೈ. ಪರವಾಗಿಲ್ಲ.”

“ಲೋಭಿ” ಅಂದಳು. ಇನ್ನೊಂದು ಕಲ್ಲು ಒದ್ದು, “ನಾನಾಗಿದ್ರೂ ಇಟ್ಕೋತಿದ್ನೇನೋ. ಆದ್ರೆ ನಾನಾಗಿ ಹೋಗಿ ಹೇಳಲ್ಲ. ನೀನು ಹೇಳೋದಾದ್ರೆ ಹೇಳು.”

ಅಪ್ಪನಿಗೆ ಫೋನು ಮಾಡಿದೆ. ಅವರು ಒಳ್ಳೆಯದು ಕೆಟ್ಟದ್ದು ಅನ್ನಲಿಲ್ಲ. “ಪೇಪರಿನಲ್ಲಿ ತಪ್ಪು ಬಿದ್ರೆ ಮಾರನೇ ದಿನಾನೇ ತಿದ್ದುಪಡಿ ಹಾಕ್ತೀವಿ. ತಡ ಆದಷ್ಟೂ ಜನ ಅದನ್ನೇ ನಿಜ ಅಂತ ಕತ್ತರಿಸಿ ಇಟ್ಕೊಳ್ತಾರೆ. ನಿಂಗೆ ಇನ್ನೂ ಟೈಮಿದೆ ಕಣಮ್ಮ.”

ಜುಲೈ 21

ಹೇಳಿದೆ. ಮೇಷ್ಟ್ರು ಸೇಬು ಹೆಚ್ಚುತ್ತಿದ್ದರು. ಚಾಕು ನಿಂತಿತು.

“ಗಿಡ್ಡದಕ್ಕೇ ಸಿಕ್ಕಿಸಿದೆಯಾ?”

“ಹೂಂ ಸಾರ್.”

“ನಾನೂ ಒಮ್ಮೆ ಸಿಕ್ಕಿಸಿದ್ದೆ. ಪಕ್ಕದಲ್ಲಿದ್ದವ ಊದಲಿಲ್ಲ, ನಕ್ಕ.” ಆಮೇಲೆ ಹಣೆ ಒತ್ತಿಕೊಂಡರು. “ಅಂದ್ರೆ ಬೇಸಿಗೆಯೆಲ್ಲ ನಾನು ನಿಂಗೆ ಮಾಡಿದ ಪಾಠ ಅವಳಿಗೆ ಹತ್ತಿದೆ.”

ಚಾಕು ಮತ್ತೆ ಎತ್ತಿಕೊಂಡರು.

“ಜಾಗ ಅವಳದು. ಸಮಾಧಾನಕ್ಕೆ ಅಂತ ನಿಂಗೆ ಇನ್ನೊಂದು ಕುರ್ಚಿ ಹಾಕೋಕಾಗಲ್ಲ.”

“ಗೊತ್ತು ಸಾರ್.”

ಬಾಗಿಲವರೆಗೆ ಬಂದಿದ್ದೆ. ಹಿಂದಿನಿಂದ ಕರೆದರು.

“ಅವತ್ತು ಎರಡನೇ ಕ್ಲಾರಿನೆಟ್ ಕೇಳಿ, ಈ ಚಿಟಿಕೆ ಯಾವಾಗ ಇಷ್ಟು ತಗ್ಗಿ ಊದೋದು ಕಲಿತಳು ಅಂದ್ಕೊಂಡಿದ್ದೆ. ಅದು ನೀನು. ಪಾಠ ಒಪ್ಪಿಸ್ತಿರಲಿಲ್ಲ.” ಸೇಬಿನ ಒಂದು ಹೋಳು ಚಾಚಿದರು.

ತಿಂದೆ. ಹುಳಿ. ಚೆನ್ನಾಗಿತ್ತು.

ಜುಲೈ 25

ಹೆಸರು ಹೇಳಿದರು. ಎಲ್ಲರೂ ಚಪ್ಪಾಳೆ. ನನ್ನದೂ. ಸಂಕಟ ಆಗಲಿಲ್ಲ ಅಂದರೆ ಸುಳ್ಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮುಖ ತೊಳೆದು ಬಂದಾಗ ಮೇಷ್ಟ್ರು ಕುರ್ಚಿ ಅದಲುಬದಲು ಮಾಡಿಸಿದ್ದರು. ಕೊನೆಯ ಕಚೇರಿಗೆ ಚಿಟಿಕೆ ಮೊದಲು, ನಾನು ಎರಡು.

ಈ ಕಡೆ ಕೂತರೆ ಎಲ್ಲ ಬೇರೆ ಥರ ಕೇಳುತ್ತದೆ. ದಪ್ಪ ದನಿಯ ಬಸೂನು ಇಷ್ಟು ಹತ್ತಿರವಿತ್ತೇ? ಆ ಹುಡುಗ ದಿನವೂ ನನ್ನ ಬೆನ್ನಿಗೆ ಇದನ್ನೇ ಊದುತ್ತಿದ್ದನೇ? ಒಂದು ಬೇಸಿಗೆಯಿಡೀ ನನ್ನ ಸೋಲೋ ಒಂದೇ ಕೇಳಿಕೊಂಡು ಕೂತಿದ್ದೆ.

ಜುಲೈ 29, ಸಂಜೆ 6.40

ವೇದಿಕೆಯ ಹಿಂದಿನ ಕೋಣೆ. ಎಲ್ಲರೂ ಕಪ್ಪು ಬಟ್ಟೆ. ನಾಳೆ ಹೊತ್ತಿಗೆ ಒಬ್ಬೊಬ್ಬರು ಒಂದೊಂದು ದಿಕ್ಕು. ಬೇಜಾರಾಗಬೇಕಿತ್ತು... ಇಲ್ಲ. ಇವರ ನಡುವೆ ಕೂರಲು ಸಿಕ್ಕಿತಲ್ಲ. ಅದೇ ದೊಡ್ಡದು.

ಚಿಟಿಕೆಯ ಮುಖ ಬಿಳುಚಿದೆ. ಈಗ ತಾನೇ ಬಂದಳು.

“ಅಕ್ಕ, ನಂಗೇನಾದ್ರೂ ಆದ್ರೆ?”

“ಆದ್ರೆ ಏನು, ಪಕ್ಕದಲ್ಲೇ ಇದೀನಲ್ಲ.”

“ಸೋಲೋ ನೆನಪಿದೆಯಾ?”

“ಅದನ್ನ ಮರೆಯೋಕೆ ನಂಗೆ ಇನ್ನೂ ಹತ್ತು ವರ್ಷ ಬೇಕು. ಹೋಗು, ನೀರು ಕುಡಿ.”

ನಕ್ಕಳು. ಹೋದಳು. ಅವಳು ಇವತ್ತು ಹೇಗೆ ಊದುತ್ತಾಳೋ ಎಂದು ಕೇಳಲು ಆಸೆಯಾಗಿದೆ, ನನಗೇ ಆಶ್ಚರ್ಯ. ಎಲ್ಲರೂ ಏಳುತ್ತಿದ್ದಾರೆ. ಮೇಷ್ಟ್ರು ಊರುಗೋಲು ಕುಟ್ಟಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ, ಇವತ್ತು ಕಣ್ಣಲ್ಲೇ ನೋಡಬೇಕಂತೆ, ಯಾರು ಯಾವ ಕುರ್ಚಿಯಲ್ಲಿ ಅಂತ. ಅವರಿಗೂ ಒಂದು ಥ್ಯಾಂಕ್ಸ್ ಹೇಳಬೇಕಿತ್ತು, ಹೇಳಿಯೇ ಇಲ್ಲ, ಈಗಲೇ ಹೋಗಿ—