ಹದಿನೇಳನೆಯ ಗುಳಿಯ ಕನಿಕರ

ಕಿಲ್‌ಬ್ರೇ,
ಜೂನ್ ೧೨, ಗುರುವಾರ

ಮಗಳು ಐಲೀನ್‌ಗೆ ಪ್ರೀತಿಯ ಜೊತೆಗೆ ಒಂದಿಷ್ಟು ಬೈಗುಳ,

ಎಫಿಗೆ ಫೋನ್ ಮಾಡು ಎಂದು ನಿನಗೆ ಯಾರು ಹೇಳಿದರು? ಈ ಚಾಂಪಿಯನ್‌ಶಿಪ್‌ನಲ್ಲಿ ಸೋತರೆ ಗಾಲ್ಫ್ ಕೋಲುಗಳನ್ನು ಬಿಟ್ಟು ಎಡಿನ್‌ಬರೋದ ನಿನ್ನ ಮನೆಗೆ ಬಂದುಬಿಡುತ್ತೇನೆ ಎಂದು ಮಾತು ಕೊಟ್ಟವಳು ನಾನೇ, ನಿಜ. ಆದರೆ ಸೋಲುವುದಿದ್ದರೆ ನಾನೇ ಸೋಲುತ್ತೇನೆ. "ಅಮ್ಮನ ಕೈ ನಡುಗತ್ತೆ ಆಂಟಿ, ಸ್ವಲ್ಪ ನೋಡ್ಕೊಂಡು ಆಡಿ" ಎಂದು ಎದುರಾಳಿಯ ಹತ್ತಿರ ಹೇಳುವುದೇ? ನಾಚಿಕೆಯಾಗಲಿಲ್ಲವೇ ನಿನಗೆ?

ನಿನ್ನೆ ನನಗೂ ಎಫಿಗೂ ಸೆಮಿಫೈನಲ್. ಸಮುದ್ರದ ಗಾಳಿಗೆ ಎಫಿಯ ಟೋಪಿ ಎರಡು ಸಲ ಮರಳುಗುಂಡಿ ಸೇರಿತು. ಹದಿನಾರು ಗುಳಿ ಮುಗಿದಾಗ ಇಬ್ಬರೂ ಸಮ. ಹದಿನೇಳರಲ್ಲಿ ಅವಳು ಚೆಂಡು ಹಾಕಿಯಾಗಿತ್ತು. ನನ್ನದು ಗುಳಿಯಿಂದ ಒಂದು ಮಾರು ದೂರ. ಹಾಕಿದರೆ ಸಮ, ತಪ್ಪಿದರೆ ಅವಳು ಮುಂದೆ. ಬಗ್ಗಿ ನಿಂತೆ. ಕೈ ನಡುಗಿತು, ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ಎಫಿ, "ಇರ್ಲಿ ಬಿಡೇ ಉನಾ, ಎತ್ಕೋ" ಅಂದಳು.

ಎತ್ಕೋ ಅಂದರೆ ಹೊಡೆಯದೆಯೇ ಗುಳಿಗೆ ಹಾಕಿದ ಲೆಕ್ಕ. ಗೇಣು ದೂರದ ಚೆಂಡಿಗೆ ಹಾಗನ್ನುವುದು ಮರ್ಯಾದೆ. ಒಂದು ಮಾರಿಗೆ ಹಾಗಂದರೆ ಅದು ಬರೀ ಕನಿಕರ. ಎತ್ಕೋ ಅಂದ ಮೇಲೆ ಬೇಡ ಅನ್ನಲು ನಿಯಮದಲ್ಲಿ ದಾರಿಯಿಲ್ಲ, ನಿನಗೂ ಗೊತ್ತು. ಎತ್ತಿಕೊಂಡೆ, ಮೈಯೆಲ್ಲ ಉರಿಯಿತು. ತಪ್ಪುತ್ತಿದ್ದೆನೋ ಏನೋ, ಆದರೆ ತಪ್ಪುವ ಹಕ್ಕು ನನ್ನದಾಗಿತ್ತು. "ನಿಂಗ್ಯಾರೇ ಹೀಗೆ ಮಾಡು ಅಂದಿದ್ದು?" ಎಂದು ಗದರಿದೆ. ಅವಳ ಬಾಯಿಂದ ನಿನ್ನ ಹೆಸರು ಬಂತು.

ಹದಿನೆಂಟನೆಯ, ಕೊನೆಯ ಗುಳಿಯನ್ನು ನಾನು ಐದು ಹೊಡೆತಕ್ಕೆ ಮುಗಿಸಿದೆ. ಎಫಿಯ ಐದನೆಯ ಹೊಡೆತಕ್ಕೆ ಉಳಿದಿದ್ದು ಗೇಣು ದೂರ. ಹಾಕಿದರೆ ಸಮ. ಎತ್ಕೋ ಅನ್ನುತ್ತೇನೆಂದು ಅವಳು ಆಗಲೇ ಅರ್ಧ ಬಗ್ಗಿದ್ದಳು. ನಾನು ಸಮುದ್ರ ನೋಡುತ್ತ ನಿಂತೆ.

"ಏನೇ, ಬಾಯಿ ಬಿದ್ದೋಯ್ತಾ?" ಅಂದಳು.

"ನನ್ ಬಾಯಿ ಚೆನ್ನಾಗೇ ಇದೆ. ನೀನು ಹೊಡಿ" ಅಂದೆ.

ಕ್ಲಬ್ಬಿನ ಕಿಟಕಿಗಳ ತುಂಬ ಜನ. ಎಫಿ ಕೆಂಪಗಾಗಿ, ಸಿಟ್ಟಿನಲ್ಲಿ ಕುಕ್ಕಿದಳು. ಚೆಂಡು ಗುಳಿಯ ಅಂಚು ಸವರಿ ಹೊರಗೇ ನಿಂತಿತು.

"ರಾಕ್ಷಸಿ ಕಣೇ ನೀನು!" ಅಂದಳು. ಇಡೀ ದಿನದಲ್ಲಿ ನನಗೆ ಸಿಕ್ಕ ಮರ್ಯಾದೆಯ ಮಾತು ಅದೊಂದೇ. ಆಮೇಲೆ ಇಬ್ಬರೂ ಮೀನಿನ ಸೂಪು ಕುಡಿದೆವು, ವಿಸ್ಕಿ ಅವಳ ಲೆಕ್ಕದಲ್ಲಿ.

ನನಗೆಂದು ಬಣ್ಣ ಹೊಡೆಸಿದ ಆ ಕೋಣೆಯನ್ನು ಯಾರಿಗಾದರೂ ಬಾಡಿಗೆಗೆ ಕೊಡು. ನಾನು ಬರುವುದಿಲ್ಲ. ನಿನ್ನ ಮೇಲೆ ಪ್ರೀತಿ ಇಲ್ಲವೆಂದಲ್ಲ, ತುಂಬ ಇದೆ. ಆದರೂ ಬರುವುದಿಲ್ಲ.

ಇನ್ನೂ ಸೋಲದ ನಿನ್ನ ಅಮ್ಮ,
ಉನಾ

ತಾ.ಕ.: ಅಕ್ಷರ ನೋಡಿಯೇ ನಿನಗೆ ಅನುಮಾನ ಬಂದಿರಬೇಕು. ಚಳಿಗಾಲದಿಂದ ಈಚೆಗೆ ಪೆನ್ನು ಹಿಡಿಯಲು ನನ್ನಿಂದ ಆಗುತ್ತಿಲ್ಲ. ನಾನು ಹೇಳಿದ್ದನ್ನು ಬರೆಯುತ್ತಿರುವವಳು ಎಫಿ. ತಾನು ತಪ್ಪಿದ ಜಾಗ ಬಂದಾಗ ಹಲ್ಲು ಕಡಿದಳು, ಆದರೆ ಒಂದು ಮಾತನ್ನೂ ಬಿಡಲಿಲ್ಲ. ಪೆನ್ನು ಆಗದಿದ್ದರೇನು, ಗಾಲ್ಫ್ ಕೋಲನ್ನಾದರೆ ನಾನು ಎರಡೂ ಕೈಯಲ್ಲಿ ಹಿಡಿಯಬಹುದು. ಶನಿವಾರ ಫೈನಲ್. ಬರುವುದಾದರೆ ನನ್ನ ಚೀಲ ಹೊರಲು ಬಾ. ನನ್ನನ್ನು ಕರೆದುಕೊಂಡು ಹೋಗಲು ಬರಬೇಡ.